ಅಕ್ಕ ಆರಿಸಿದ ಸೈಕಲ್ಲು

ಸೈಕಲ್ಲು ಕೊಳ್ಳುವುದಕ್ಕೆ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋದವನು ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕರೆದುಕೊಂಡು ಹೋದೆ ಅನ್ನುವುದೂ ಸುಳ್ಳೇ. ಅಕ್ಕ ತಾನಾಗಿ ಹೊರಟಳು.

"ಹಿಂದೆ ಕೂತ್ಕೊಂಡು ಹೋಗೋಳು ನಾನು. ನಿನಗೇನ್ಲಾ ಗೊತ್ತಾಗ್ತದೆ ಹಿಂದೆ ಕೂತೋರ ಕಷ್ಟ?" ಅಂದಳು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಮ್ಮದು ಮುಳಬಾಗಿಲು ತಾಲ್ಲೂಕು, ಬೈರಕೂರು ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ. ರಾಗಿ, ಒಂದಿಷ್ಟು ತರಕಾರಿ, ಬಾವಿಯ ಪಕ್ಕದಲ್ಲಿ ಹಿಪ್ಪುನೇರಳೆ. ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನಗೆ ಇಪ್ಪತ್ತರ ಆಸುಪಾಸು. ಅಕ್ಕನನ್ನು ಗೌನಿಪಲ್ಲಿ ಕಡೆಯ ಮಾವಿನ ತೋಪಿನವರ ಮನೆಗೆ ಕೊಟ್ಟಿತ್ತು. ಅಲ್ಲಿ ಮನೆಯೊಳಗೆಲ್ಲ ತೆಲುಗು. ಮದುವೆಯಾಗಿ ಗಂಡು ಮಗುವಾಯಿತು. ಮಗು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಅಕ್ಕನಿಗೆ ಕೆಮ್ಮು ಹತ್ತಿತು. ಕೆಮ್ಮಿನ ಜೊತೆ ರಕ್ತ ಕಾಣಿಸಿಕೊಂಡ ವಾರದಲ್ಲೇ ಭಾವ ಅವಳನ್ನು ಬಸ್ಸಿನಲ್ಲಿ ಕರೆತಂದು, ಚೀಲವನ್ನು ಜಗಲಿಯ ಮೇಲಿಟ್ಟು, ನಿಂತೇ ನೀರು ಕುಡಿದು, ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಹೋದರು. ಮಗುವನ್ನು ಅಲ್ಲೇ ಇಟ್ಟುಕೊಂಡಿದ್ದರು. "ವಾಸಿ ಆಗಲಿ, ಆಮೇಲೆ ನೋಡಾಣ" ಅಂತ ಅವಳ ಅತ್ತೆ ಹೇಳಿ ಕಳಿಸಿದ್ದರಂತೆ.

ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವಾಸಿ ಆಗಬೇಕು, ಮಗುವಿನ ಹತ್ತಿರ ಹೋಗಬೇಕು. ಅವಳಿಗೆ ಆಗ ಬೇರೆ ಲೋಕವೇ ಇರಲಿಲ್ಲ.

ಮುಳಬಾಗಿಲು ಆಸ್ಪತ್ರೆಯ ಡಾಕ್ಟರು ಎದೆ ನೋಡಿ, ಕಫ ನೋಡಿ, ಟಿ.ಬಿ. ಅಂದರು. ಒಂದೂವರೆ ವರ್ಷ ಔಷಧಿ, ಅದರಲ್ಲಿ ಮೊದಲ ಕೆಲವು ತಿಂಗಳು ದಿನಾ ಬಂದು ಸೂಜಿ ಹಾಕಿಸಿಕೊಳ್ಳಬೇಕು, ಮಧ್ಯೆ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಬೆಳಗಿನ ಬಸ್ಸಿತ್ತು. ಮೊದಲ ದಿನ ಅಕ್ಕ ಸೆರಗು ಬಾಯಿಗೆ ಹಿಡಿದು ಕೆಮ್ಮಿದ್ದಕ್ಕೆ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ಮಾರನೆಯ ದಿನ ಯಾರೋ ಕಂಡಕ್ಟರನ ಕಿವಿಯಲ್ಲಿ ಊದಿದರು, ಅವನು ಅಕ್ಕನನ್ನು ಕೊನೆಯ ಸೀಟಿಗೆ ಕಳಿಸಿದ. ಅಲ್ಲಿಗೆ ಅಕ್ಕ ಬಸ್ಸು ಬಿಟ್ಟಳು. "ನಡ್ಕೊಂಡು ಹೋಗ್ತೀನಿ, ಬಸ್ಸು ಮಾತ್ರ ಹತ್ತಲ್ಲ" ಅಂದಳು. ಅಷ್ಟು ದೂರ ನಡೆಯುವ ಶಕ್ತಿ ಎಲ್ಲಿತ್ತು, ಅಂಗಳ ದಾಟಿದರೆ ಏದುಸಿರು ಬಿಡುತ್ತಿದ್ದಳು.

ಸೈಕಲ್ಲಿನ ಮಾತು ಬಂದದ್ದು ಹೀಗೆ. ಅಪ್ಪ ಆ ಬೆಳೆಯ ರೇಷ್ಮೆಗೂಡು ಮಾರಿದ ದುಡ್ಡನ್ನು ಹಾಗೇ ತಂದು ನನ್ನ ಕೈಗಿಟ್ಟರು. "ಇದರಲ್ಲಿ ಎಂಥದು ಬರ್ತದೋ ಅಂಥದು ತಗೋ. ಮೇಲೆ ಒಂದು ಕಾಸು ಕೇಳಬೇಡ," ಅಂದರು. ಕೇಳಿದರೂ ಅವರ ಹತ್ತಿರ ಇರಲಿಲ್ಲ.

ನಮ್ಮ ದಾರಿಯ ವಿಷಯ ಹೇಳಬೇಕು. ಹಳ್ಳಿಯಿಂದ ಟಾರು ರಸ್ತೆಗೆ ಸೇರುವ ತನಕ ಬಂಡೆಯ ನೆಲ, ಮೇಲೆ ಉರುಳು ಕಲ್ಲು, ನಡುವೆ ಒಂದು ದಿಣ್ಣೆ. ಆ ದಿಣ್ಣೆಯಲ್ಲಿ ಎತ್ತಿನ ಗಾಡಿಯವರೇ ಕೆಳಗಿಳಿದು ಚಕ್ರಕ್ಕೆ ಹೆಗಲು ಕೊಡುತ್ತಿದ್ದರು. ಅಲ್ಲಿ ಕಾಯಿಲೆಯ ಹೆಂಗಸನ್ನು ಕೂರಿಸಿಕೊಂಡು ದಿನಾ ಹತ್ತಿ ಇಳಿಯುವ ಸೈಕಲ್ಲು ಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದೇ ಬೇರೆ. ಮುಳಬಾಗಿಲಿನಲ್ಲಿ ಒಬ್ಬ ಮೇಷ್ಟರ ಮಗ ಸಪೂರ ಟೈರಿನ, ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲಿನಲ್ಲಿ ಕೈಬಿಟ್ಟುಕೊಂಡು ಹೋಗುತ್ತಿದ್ದ. ಅದನ್ನು ನೋಡಿದ ದಿನದಿಂದ ನನ್ನ ನಿದ್ದೆ ಕೆಟ್ಟಿತ್ತು. ಅದರ ಜೊತೆಗೆ ಡೈನಮೋ ಬೇರೆ ಬೇಕಿತ್ತು ನನಗೆ, ಪುಣ್ಯಾತ್ಮನಿಗೆ.

ಮೊದಲು ಸಂತೆಗೆ ಹೊರಟಿದ್ದ ಊರಿನವರ ಗಾಡಿಯಲ್ಲಿ ಮುಳಬಾಗಿಲಿನ ಅಂಗಡಿಗೆ ಹೋದೆವು. ಕಂದು ಕಾಗದ ಸುತ್ತಿದ ಹೊಸ ಫ್ರೇಮುಗಳು ಸೂರಿನಿಂದ ನೇತಾಡುತ್ತಿದ್ದವು. ನಮ್ಮ ದುಡ್ಡು ಎಷ್ಟೆಂದು ತಿಳಿದ ಅಂಗಡಿಯವನು ಹೊಸದನ್ನೇ ಕೊಡುತ್ತೇನೆಂದ, ಆದರೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ. "ಅವೆಲ್ಲ ಆಮೇಲೆ ಒಂದೊಂದೇ ಹಾಕಿಸ್ಕೊಳ್ಳಪ್ಪ, ಸೈಕಲ್ಲಂತೂ ಹೊಸದಾಗಿರ್ತದೆ" ಅಂದ. ನಾನು ಹೂಂ ಅನ್ನುವುದರಲ್ಲಿದ್ದೆ.

"ಕ್ಯಾರಿಯರ್ ಇಲ್ದಿದ್ರೆ ನನ್ನನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತೀಯ?" ಅಂದಳು ಅಕ್ಕ.

"ಸ್ವಲ್ಪ ದಿನ ಮುಂದಿನ ಕಂಬಿ ಮೇಲೆ ಕೂತ್ಕೋ."

"ಥೂ ನಿನ್ನ! ಮದುವೆಯಾದ ಅಕ್ಕನ್ನ ಕಂಬಿ ಮೇಲೆ ಕೂರಿಸ್ಕೊಂಡು ಊರೊಳಗೆ ಮೆರವಣಿಗೆ ಮಾಡ್ತಾನಂತೆ."

ಅಂಗಡಿಯವನು ನಕ್ಕ. ನನಗೆ ರೇಗಿತು. ಅವನ ಮುಂದೆಯೇ ಇಬ್ಬರೂ ಜಗಳವಾಡಿ ಬರಿಗೈಲಿ ಬಂದೆವು.

ಆಮೇಲೆ ಕೋಲಾರ. ಬಸ್ಸು ಹತ್ತಲ್ಲ ಅಂದವಳು ಆವತ್ತು ಸೈಕಲ್ಲಿಗೋಸ್ಕರ ಹಲ್ಲು ಕಚ್ಚಿ ಹತ್ತಿದಳು. ಗಡಿಯಾರದ ಗೋಪುರದ ಹಿಂದಿನ ಒಂದು ಗಲ್ಲಿಯಲ್ಲಿ ಹಳೆ ಸೈಕಲ್ಲು ಮಾರುವ ಅಂಗಡಿಯಿತ್ತು. ವಯಸ್ಸಾದ ಸಾಬರು ಸ್ಟೂಲಿನ ಮೇಲೆ ಕೂತು ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದರು. ಅಕ್ಕನನ್ನು ನೋಡಿ, "ಕ್ಯಾ ಬೇಟಿ, ಲೇಡೀಸ್ ಸೈಕಲ್ ಬೇಕಾ?" ಅಂದರು.

"ಇವನಿಗೆ ಸಾಬರೇ. ನಾನು ಹಿಂದೆ ಕೂರೋಳು. ಒಂದೊಂದನ್ನೂ ಸ್ಟ್ಯಾಂಡ್ ಹಾಕಿಸಿ, ಕೂತು ನೋಡ್ತೀನಿ."

ಸಾಬರಿಗೆ ಇಂಥ ಗಿರಾಕಿ ಹೊಸಬರು. ಆದರೂ ಸ್ಟ್ಯಾಂಡ್ ಹಾಕಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮೊದಲನೆಯದರ ಕ್ಯಾರಿಯರಿನ ಮೇಲೆ ಅಡ್ಡಲಾಗಿ ಕೂತಳು. "ಈಗ ಅಲ್ಲಾಡಿಸಿ" ಅಂದಳು. ಸಾಬರು ಹ್ಯಾಂಡಲ್ಲು ಹಿಡಿದು ಅಲ್ಲಾಡಿಸಿದರು. "ಇನ್ನೂ ಜೋರಾಗಿ, ನಮ್ಮೂರ ದಾರಿ ಹೀಗಿಲ್ಲ." ಅವರು ನಗುತ್ತಾ ಇನ್ನೂ ಜೋರಾಗಿ ಅಲ್ಲಾಡಿಸಿದರು. ಇದರ ಕಂಬಿ ಚುಚ್ಚುತ್ತದೆ ಅಂತ ಇಳಿದಳು. ಇನ್ನೊಂದು ತೀರಾ ತಗ್ಗು, ಕಾಲು ಕಲ್ಲಿಗೆ ಬಡಿಯುತ್ತದೆ ಅಂದಳು. ಮತ್ತೊಂದರಲ್ಲಿ ಸೀರೆ ಚಕ್ರದ ಕಡ್ಡಿಗೆ ಸಿಕ್ಕುವ ಹಾಗಿತ್ತು. ಗಲ್ಲಿಯಲ್ಲಿ ಹೋಗುವವರೆಲ್ಲ ನಿಂತರು. ಎದುರಿನ ಟೀ ಅಂಗಡಿಯಿಂದ ಗ್ಲಾಸು ಹಿಡಿದುಕೊಂಡೇ ಇಬ್ಬರು ಈಚೆಗೆ ಬಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಷ್ಟರಲ್ಲಿ ನನ್ನ ಕಣ್ಣಿಗೆ ಅದು ಬಿತ್ತು. ಕೆಂಪು ಬಣ್ಣ, ಬಾಗಿದ ಹ್ಯಾಂಡಲ್ಲು, ಸಪೂರ ಟೈರು, ಡೈನಮೋ ಸಮೇತ. ದರವೂ ನಮ್ಮ ಕೈಗೆ ಎಟುಕುವಂತಿತ್ತು. ಸಾಬರನ್ನು ಕೇಳಿ ಒಂದು ಸುತ್ತು ಹೋಗಿ ಬಂದೆ. ಆಹಾ, ಗಾಳಿಯಲ್ಲಿ ತೇಲಿದ ಹಾಗಿತ್ತು. ಅಕ್ಕ ಬಂದು ಹಿಂದೆ ಕೂತಳು. ಇಬ್ಬರೂ ಹೊರಟೆವು. ಮೊದಲ ಗುಂಡಿಗೇ ಹಿಂದಿನ ಮಡ್‌ಗಾರ್ಡು ಟೈರಿಗೆ ತಾಗಿ ಕರಕರ ಅಂತು, ಎರಡನೆಯದಕ್ಕೆ ಚಕ್ರ ಬೆಂಡಾಗಿ ಒಲೆದಾಡತೊಡಗಿತು. ಅಕ್ಕ ಇಳಿದು ನಿಂತು ನನ್ನ ಮುಖ ನೋಡಿದಳು. ಅವಳ ಉಸಿರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು, ಅಷ್ಟು ಕೂತಿದ್ದಕ್ಕೇ.

"ಒಬ್ಬರಿಗಾದರೆ ಸರಿ ತಮ್ಮಾ, ಇಬ್ಬರಿಗೆ ಬೇಡ," ಅಂದರು ಸಾಬರು. ಮಾರಿಕೊಂಡು ಬಿಡಬಹುದಿತ್ತು ಅವರು. ಮಾರಲಿಲ್ಲ.

ಕೊನೆಗೆ ಒಳಗೆ ಗೋಡೆಗೆ ಒರಗಿಸಿದ್ದ ಒಂದನ್ನು ಅಕ್ಕ ಬೆರಳು ಮಾಡಿ ತೋರಿಸಿದಳು. ಯಾವನೋ ಹಾಲಿನವನು ಮಾರಿಹೋಗಿದ್ದ ಲೋಡ್ ಸೈಕಲ್ಲು. ಡಬಲ್ ಬಾರು, ದಪ್ಪ ಕಡ್ಡಿ, ಮುಂದಿನ ಫೋರ್ಕಿಗೆ ಎರಡು ಕಂಬಿಯ ಆಸರೆ, ಅಗಲವಾದ ಕ್ಯಾರಿಯರು, ಎರಡೂ ಪಕ್ಕ ಕ್ಯಾನು ನೇತುಹಾಕಲು ಕಬ್ಬಿಣದ ಪಟ್ಟಿ. ಕಪ್ಪು ಬಣ್ಣ ಅಲ್ಲಲ್ಲಿ ಉಳಿದಿತ್ತು. ಹತ್ತಿರ ಹೋದರೆ ಹುಳಿ ಹಾಲಿನ ವಾಸನೆ. ಅಕ್ಕ ಕೂತು, ಆ ಪಟ್ಟಿಯ ಮೇಲೆ ಪಾದವಿಟ್ಟು, ಅಲ್ಲಾಡಿಸಿ ಅಂದಳು. ಸಾಬರು ಎಷ್ಟು ಅಲ್ಲಾಡಿಸಿದರೂ ಜಗ್ಗಲಿಲ್ಲ.

"ಇದೇ," ಅಂದಳು.

"ಅಕ್ಕಾ, ಇದು ಹಾಲಿನವನ ಸೈಕಲ್ಲು."

"ಆದ್ರೇನು? ನಾನೂ ಒಂದು ಕ್ಯಾನು ಅಂದ್ಕೋ."

ಸಾಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಉಳಿದ ದುಡ್ಡಿನಲ್ಲಿ ಡೈನಮೋ ಹಾಕಿಸಬೇಕೆಂದು ನಾನು ಹಟ ಹಿಡಿದೆ. ರಾತ್ರಿ ಹೊತ್ತು ಯಾವ ಆಸ್ಪತ್ರೆ ಬಾಗಿಲು ತೆಗೆದಿರ್ತದೆ ಅಂತ ಅಕ್ಕ ಕೇಳಿದಳು. ಆ ದುಡ್ಡು ಹಿಂದಿನ ಚಕ್ರಕ್ಕೆ ಹೊಸ ಟೈರಿಗೂ ನಾಲ್ಕು ಬ್ರೇಕ್ ರಬ್ಬರಿಗೂ ಹೋಯಿತು. ಅವಳು ಬಸ್ಸಿನಲ್ಲಿ ಹೋದಳು, ನಾನು ಆ ಎಮ್ಮೆಯನ್ನು ತುಳಿದುಕೊಂಡು ಸಂಜೆಗೆ ಊರು ಸೇರಿದೆ. ಅರಳಿಕಟ್ಟೆಯ ಮೇಲಿದ್ದ ನನ್ನ ಜೊತೆಯವರು, "ಲೇ, ಹಾಲು ಬಂತು ಕಣ್ರೋ, ಪಾತ್ರೆ ತನ್ನಿ!" ಅಂತ ಕೂಗಿದರು. ಆ ಕೂಗು ವರ್ಷಗಟ್ಟಲೆ ನನ್ನ ಹಿಂದೆ ಬಂತು.

ಆ ಎಮ್ಮೆ ಒಂದು ದಿನವೂ ಕೈಕೊಡಲಿಲ್ಲ ಅನ್ನುವುದನ್ನು ಮಾತ್ರ ಒಪ್ಪಬೇಕು. ಬೆಳಗ್ಗೆ ಅಂಬಲಿ ಕುಡಿದು ಹೊರಡುತ್ತಿದ್ದೆವು. ಮೊದಮೊದಲು ದಿಣ್ಣೆಯಲ್ಲಿ ನಾನು ಇಳಿದು ತಳ್ಳುತ್ತಿದ್ದೆ, ಅಕ್ಕ ಎರಡೂ ಕೈಯಲ್ಲಿ ಸೀಟು ಹಿಡಿದು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಕೆಲವು ತಿಂಗಳಾದ ಮೇಲೆ, "ನಿಲ್ಲಿಸೋ, ನಾನೂ ಇಳೀತೀನಿ" ಅಂದಳು. ಆಮೇಲಾಮೇಲೆ ಹಿಂದಿನಿಂದ ತಳ್ಳತೊಡಗಿದಳು. ಒಂದು ದಿನ ನಾನು ಸೈಕಲ್ಲಿನ ಜೊತೆ ಏದುತ್ತಿರುವಾಗ ಅವಳು ನನಗಿಂತ ಮುಂಚೆ ದಿಣ್ಣೆಯ ನೆತ್ತಿಯ ಮೇಲೆ ನಿಂತು, "ಬಾರೋ ಹಾಲಪ್ಪ, ಬೇಗ ಬಾ" ಅಂತ ಕೂಗಿದಳು. ನನಗೆ ಅಳು ಬಂದುಬಿಟ್ಟಿತು. ಬೆವರು ಒರೆಸುವ ನೆಪದಲ್ಲಿ ಮುಖ ಒರೆಸಿಕೊಂಡೆ.

ದಾರಿಯಲ್ಲಿ ಅವಳಿಗೆ ಒಂದೇ ಮಾತು. ಈಗ ಹಲ್ಲು ಬಂದಿರ್ತವೆ. ಈಗ ಓಡಾಡ್ತಾ ಇರ್ತಾನೆ. ಮಾವಿನ ಕಾಯಿ ರಾಶಿ ಮೇಲೆ ಹತ್ತಿ ಬೀಳ್ತಾನೋ ಏನೋ. "ನನ್ ಮಗ ಪೂರ್ತಿ ತೆಲುಗೋನಾಗಿಬಿಡ್ತಾನೆ ಕಣೋ. ನಾನು ಹೋಗಿ ಅವನಿಗೆ ಕನ್ನಡ ಕಲಿಸ್ಬೇಕು" ಅನ್ನುವಳು. ಗಾಳಿಗೆ ಅರ್ಧ ಮಾತು ನನಗೆ ಕೇಳುತ್ತಿರಲಿಲ್ಲ, ಹೂಂ ಅನ್ನುತ್ತಿದ್ದೆ.

ಸಂಕ್ರಾಂತಿ ಕಳೆದ ಹೊಸದರಲ್ಲಿ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, "ಇನ್ನೇನೂ ಇಲ್ಲಮ್ಮ, ನಿನ್ನ ಮನೆಗೆ ನೀನು ಹೋಗಬಹುದು" ಅಂದರು. ಅಕ್ಕನ ಕೆನ್ನೆ ತುಂಬಿಕೊಂಡಿದ್ದವು ಅಷ್ಟೊತ್ತಿಗೆ. ಮನೆಗೆ ಬಂದವನೇ ನಾನು, ನಾಳೆಯೇ ಗೌನಿಪಲ್ಲಿಗೆ ಬಿಟ್ಟು ಬರುತ್ತೇನೆ ಅಂದೆ.

"ಬಿಟ್ಟು ಹೋದೋರೇ ಕರೆಯೋಕೆ ಬರಬೇಕು," ಅಂದರು ಅಮ್ಮ.

ನಮ್ಮ ಕಡೆ ಅದು ಹಾಗೆಯೇ. ಬಾಣಂತನಕ್ಕೋ ಕಾಯಿಲೆಗೋ ತವರಿಗೆ ಬಂದ ಹೆಣ್ಣುಮಗಳನ್ನು ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು, ತವರಿನವರು ಮಡಿಲಕ್ಕಿ ತುಂಬಿ ಕಳಿಸಬೇಕು. ಕರೆಯದೆ ಹೋದವಳಿಗೆ ಸಾಯುವ ತನಕ ಅದೇ ಮೂದಲಿಕೆ. "ಕೂಳಿಗೆ ಗತಿಯಿಲ್ದೆ ತಂದು ಬಿಟ್ಟೋದ್ರು ಅಂತಾರೆ. ಆಮೇಲೆ ಅವಳಿಗೆ ಅಲ್ಲಿ ಏನು ಬೆಲೆ?" ಅಂದರು ಅಮ್ಮ. ಹಾಗಾದರೆ ವಾಸಿಯಾಗಿದೆ ಅಂತ ಹೇಳಿ ಕಳಿಸೋಣ ಅಂದೆ. ಅದೂ ಆಗುವುದಿಲ್ಲವಂತೆ. ಹೇಳಿ ಕಳಿಸಿದರೆ ಬಂದು ಕರ್ಕೊಂಡೋಗಿ ಅಂತ ಬೇಡಿಕೊಂಡ ಹಾಗಂತೆ. ಅವರಾಗಿ ವಿಚಾರಿಸಬೇಕಂತೆ. ಅಪ್ಪ ಬೀಡಿ ಹಚ್ಚಿಕೊಂಡು ಹಿತ್ತಲಿಗೆ ಹೋದರು. ಅಕ್ಕನ ಕಡೆ ನೋಡಿದೆ. "ಅಮ್ಮ ಹೇಳೋದೂ ಸರಿ ಕಣೋ. ಬರ್ತಾರೆ ಬಿಡು, ಮಗು ಅಲ್ಲೇ ಐತಲ್ಲ" ಅಂದಳು. ಅವಳೂ ಅದೇ ನೀರು ಕುಡಿದು ಬೆಳೆದವಳು ತಾನೇ.

ಯುಗಾದಿಗೆ ಬರುತ್ತಾರೆ ಅಂತ ಕಾದೆವು. ಬರಲಿಲ್ಲ. ಮಾವಿನ ಕಾಲ, ಪುರುಸೊತ್ತಿರಲ್ಲ ಅಂದರು ಅಮ್ಮ. ಮಾವು ಮುಗಿಯುವಷ್ಟರಲ್ಲಿ ಆಷಾಢ, ಆಷಾಢದಲ್ಲಿ ಯಾರು ಹೆಣ್ಣು ಕರೆಯುತ್ತಾರೆ ಅಂದರು. ಶ್ರಾವಣವೂ ಹೋಯಿತು. ಸೈಕಲ್ಲು ಅಂಗಳದಲ್ಲಿತ್ತು, ನನ್ನ ಕಾಲು ಗಟ್ಟಿಯಾಗಿದ್ದವು, ದಾರಿ ಎಲ್ಲಿಗೂ ಓಡಿಹೋಗಿರಲಿಲ್ಲ. ಅಮ್ಮನ ಜೊತೆ ಜಗಳವಾಡದ ದಿನವಿಲ್ಲ. "ನಿನ್ನ ಮಾನ ತಗೊಂಡು ಹೋಗಿ ಒಲೆಗೆ ಹಾಕು!" ಅಂತ ಒಮ್ಮೆ ಕಿರುಚಿದೆ. ಅಮ್ಮ ಎರಡು ದಿನ ಊಟ ಬಿಟ್ಟರು. ಇಂದಿಗೂ ಅದನ್ನು ನೆನೆದರೆ ನನ್ನ ಸಿಟ್ಟು ಇಳಿದಿಲ್ಲ, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ಗೌರಿ ಹಬ್ಬಕ್ಕೂ ಭಾವ ಬರಲಿಲ್ಲ. ಹಬ್ಬದ ಮಾರನೆಯ ಬೆಳಗ್ಗೆ ಅಕ್ಕ ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ಸೈಕಲ್ಲಿನ ಹತ್ತಿರ ನಿಂತಳು. "ನಡಿಯೋ. ಮೂದಲಿಸಿದ್ರೆ ಮೂದಲಿಸ್ಲಿ. ನನಗೆ ಮಗು ಬೇಕು," ಅಂದಳು. ಅಮ್ಮ ಬಾಗಿಲಿಗೆ ಅಡ್ಡ ನಿಂತು ಅತ್ತರು. ಆಮೇಲೆ ಅವರೇ ಒಳಗೆ ಹೋಗಿ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ತಂದು ಅವಳ ಮಡಿಲಿಗೆ ಹಾಕಿ ಕಟ್ಟಿದರು.

ಶ್ರೀನಿವಾಸಪುರದಲ್ಲಿ ಟೀ ಕುಡಿದು, ಬನ್ನು ತಿಂದು, ಅಕ್ಕ ಒಂದು ಮೊಳ ಹೂವು ಕೊಂಡು ಮುಡಿದಳು. ಮಗನಿಗೆಂದು ಬತ್ತಾಸು ಕಟ್ಟಿಸಿಕೊಂಡಳು. ಮಧ್ಯಾಹ್ನ ತಿರುಗಿದ ಮೇಲೆ ಅವರ ಮನೆ ಸೇರಿದೆವು. ಅಂಗಳದಲ್ಲಿ ಒಬ್ಬಳು ಹುಡುಗಿ ಕಡಲೆಕಾಯಿ ಬಿಡಿಸುತ್ತಿದ್ದಳು. ಅವಳ ಕೊರಳಲ್ಲಿ ಅರಿಶಿನ ಮಾಸದ ತಾಳಿ ದಾರ. ಅವಳ ಬೆನ್ನಿಗೆ ಜೋತುಬಿದ್ದು, "ಅಮ್ಮಾ, ಅಮ್ಮಾ" ಅಂತ ಒಂದು ಗಂಡು ಮಗು ಕಾಯಿ ಕೇಳುತ್ತಿತ್ತು. ಅಕ್ಕ ಕ್ಯಾರಿಯರಿನಿಂದ ಇಳಿದವಳು ಹಾಗೇ ನಿಂತುಬಿಟ್ಟಳು.

ಒಳಗಿನಿಂದ ಅವಳ ಅತ್ತೆ ಬಂದರು. ಅಕ್ಕನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಬದುಕಿದ್ದೀಯಾ ತಾಯೀ ಅಂತ ತೆಲುಗಿನಲ್ಲಿ ಅಂದು ಅಲ್ಲೇ ಕುಸಿದು ಕೂತು ಅತ್ತರು. ಅದು ನಾಟಕವಾಗಿರಲಿಲ್ಲ. ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಹೇಳಿದರು: "ಒಂದು ಮಾತು ಹೇಳಿ ಕಳಿಸಬಾರದಾ ನಾಯನಾ? ನಮ್ಮ ಕಡೆ ಪದ್ಧತಿ ಪ್ರಕಾರ ವಾಸಿ ಮಾಡಿಸೋಕೆ ಇಟ್ಕೊಂಡೋರೇ ತಂದು ಬಿಡಬೇಕಲ್ವಾ? ಕಾದ್ವಿ. ಬರಲಿಲ್ಲ. ಬಂದು ಕೇಳೋಣ ಅಂದ್ರೆ ಏನು ಕೇಳಬೇಕಾಗ್ತದೋ ಅಂತ ಭಯ. ಮುಗಿದೋಯ್ತು ಅಂದ್ಕೊಂಡ್ವಿ. ವೈಶಾಖದಲ್ಲಿ ಇವಳನ್ನ ತಂದ್ವಿ, ಮಗುಗೋಸ್ಕರ."

ಸಂಕ್ರಾಂತಿಗೆ ವಾಸಿಯಾದವಳು ಅಕ್ಕ. ವೈಶಾಖಕ್ಕೆ ಇನ್ನೊಬ್ಬಳು. ನಡುವಿನ ಅಷ್ಟೂ ತಿಂಗಳು ಈ ಮನೆಯವರು ನಮ್ಮ ದಾರಿ ನೋಡಿದ್ದರು, ನಾವು ಇವರ ದಾರಿ ನೋಡಿದ್ದೆವು. ಯಾರನ್ನು ಬೈಯಬೇಕೆಂದು ಗೊತ್ತಾಗಲಿಲ್ಲ. ಭಾವ ಪೇಟೆಯ ಮಂಡಿಗೆ ಹೋಗಿದ್ದರಂತೆ. ಒಳ್ಳೆಯದೇ ಆಯಿತು.

ಆ ಹೊಸ ಹುಡುಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅಕ್ಕ ಕುಡಿದಳು. ಮಡಿಲು ಬಿಚ್ಚಿ ಅಕ್ಕಿ ಬೆಲ್ಲವನ್ನೆಲ್ಲ ಅವಳ ಮೊರಕ್ಕೆ ಸುರಿದಳು. "ಇದು ಈ ಮನೇಲೇ ಬೇಯಬೇಕಮ್ಮ, ವಾಪಸ್ ತಗೊಂಡೋಗಬಾರದು," ಅಂದಳು. ಅತ್ತೆ ಅಕ್ಕನ ಕೈ ಹಿಡಿದುಕೊಂಡು, ಮಗು ಇವಳನ್ನೇ ಅಮ್ಮ ಅಂದ್ಕೊಂಡೈತೆ, ಈಗ ಹೇಳಿ ಅದರ ಮನಸ್ಸು ಕೆಡಿಸಬೇಡ ಅಂತ ಬೇಡಿಕೊಂಡರು. ಅಕ್ಕ ತಲೆಯಾಡಿಸಿದಳು. ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೆ ಅವಳ ಮೇಲೂ ಕೋಪ ಬಂತು.

ಹುಡುಗ ಅಕ್ಕ ಚಾಚಿದ ಬತ್ತಾಸಿನ ಪೊಟ್ಟಣಕ್ಕೂ ಹತ್ತಿರ ಬರಲಿಲ್ಲ. ಆದರೆ ಸೈಕಲ್ಲಿನ ಹತ್ತಿರ ಬಂದ. ಪೆಡಲ್ಲು ತಿರುಗಿಸಿದ, ಬೆಲ್ಲು ಒತ್ತಿದ.

"ಅವನನ್ನ ಒಂದು ಸುತ್ತು ಕರ್ಕೊಂಡೋಗೋ," ಅಂದಳು ಅಕ್ಕ. ಆಮೇಲೆ ಅತ್ತೆಯ ಕಡೆ ತಿರುಗಿ, "ನಾನೂ ಹಿಂದೆ ಕೂತ್ಕೋತೀನಿ ಅತ್ತೆ. ತೋಪಿನ ತನಕ ಹೋಗಿ ಬರ್ತೀವಿ. ಏನೂ ಹೇಳಲ್ಲ," ಅಂದಳು. ಅತ್ತೆ ಮುಖ ಬೇರೆ ಕಡೆ ಮಾಡಿ ಹೂಂ ಅಂದರು.

ಕಂಬಿಗೆ ಟವಲ್ಲು ಸುತ್ತಿ ಹುಡುಗನನ್ನು ಮುಂದೆ ಕೂರಿಸಿಕೊಂಡೆ. ಅಕ್ಕ ಹಿಂದೆ ಕೂತಳು. ಮಾವಿನ ತೋಪಿನ ನೆರಳಿನಲ್ಲಿ ಗಾಡಿಯ ಜಾಡು ಹಿಡಿದು ಹೊರಟೆ. ಹುಡುಗ ಬೆಲ್ಲು ಬಾರಿಸುತ್ತಲೇ ಇದ್ದ. ಅಕ್ಕ ನನ್ನ ಬೆನ್ನಿಗೆ ಹಣೆ ಒತ್ತಿ, ನನ್ನ ಪಕ್ಕದಿಂದ ಕೈ ಚಾಚಿ, ಅವನ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು. ಅವನಿಗೆ ಗೊತ್ತಾಗದಷ್ಟು ಮೆಲ್ಲಗೆ.

ತೋಪಿನ ಕೊನೆಯಲ್ಲಿ ತಿರುಗಿಸುವಾಗ ಹುಡುಗ ಕತ್ತು ಹೊರಳಿಸಿ, ಹಿಂದೆ ಕೂತಿರೋದು ಯಾರು ಮಾಮಾ ಅಂತ ತೆಲುಗಿನಲ್ಲಿ ಕೇಳಿದ. ನಿಮ್ಮ ಅಮ್ಮ ಕಣೋ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಹಿಂದಿನಿಂದ ನನ್ನ ಶರ್ಟು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಅವಳೇ ತೆಲುಗಿನಲ್ಲಿ, ಯಾರೂ ಅಲ್ಲಪ್ಪ, ನಿಮ್ಮ ಮಾಮನ ಊರಿಗೆ ಹೋಗೋಳು ಅಂದಳು.

ಹುಡುಗನಿಗೆ ಅಷ್ಟು ಸಾಕಾಯಿತು. ಇನ್ನೊಂದು ಸುತ್ತು ಹೋಗೋಣ ಮಾಮಾ, ಆಯಮ್ಮ ಕೂತಿದ್ದರೂ ಪರವಾಗಿಲ್ಲ ಅಂದ.

ಸುತ್ತಿದೆ. ಬಿಸಿಲು ತೋಪಿನ ಒಳಕ್ಕೆ ಓರೆಯಾಗಿ ಬೀಳುವ ತನಕ ಸುತ್ತಿದೆ. ಆ ಹೊಸ ಹುಡುಗಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳು. ನಾನು ಬ್ರೇಕು ಹಾಕುವುದಕ್ಕೂ ಮುಂಚೆ ಹುಡುಗ ಕಂಬಿಯಿಂದ ಜಾರಿ ಅವಳ ಕಡೆ ಓಡಿದ. ನಾನು ಒಂದು ಕಾಲು ನೆಲಕ್ಕೂರಿ ನಿಂತು, ಇಳಿ ಅಕ್ಕಾ, ಹೇಳಿ ಬಾ ಅಂದೆ. ಅವಳು ಇಳಿಯಲಿಲ್ಲ.

"ಇಳಿದ್ರೆ ನನ್ನ ಕೈಲಿ ಮತ್ತೆ ಹತ್ತೋಕಾಗಲ್ಲ ಕಣೋ," ಅಂದಳು. "ಹಾಗೇ ನಡಿ."